‘ಯಾರಿಗೆ?’ ಎಂದು ಕೇಳುತ್ತಿದ್ದವರು

ನಮಗೆ ಡಿಸೈನ್ ಕಲಿಸುತ್ತಿದ್ದ ಮೇಡಂ ಯಾರ ಕೆಲಸವನ್ನೂ ‘ಚೆನ್ನಾಗಿದೆ’ ಎಂದು ಹೊಗಳಿದವರಲ್ಲ. ನಾವು ದಿನಗಟ್ಟಲೆ ಕೂತು ಬಣ್ಣ ತುಂಬಿ ತಂದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಲೆಯನ್ನು ಸ್ವಲ್ಪ ವಾಲಿಸಿ ನೋಡಿ, “ಯಾರಿಗೆ?” ಎನ್ನುತ್ತಿದ್ದರು. ಇದನ್ನು ಬಳಸುವವರು ಯಾರು, ಅವರು ಎಲ್ಲಿ ಕೂರುತ್ತಾರೆ, ಅವರ ಕೈ ದೊಡ್ಡದೋ ಚಿಕ್ಕದೋ, ಕಣ್ಣು ಹೇಗಿದೆ, ಓದು ಬರುತ್ತದೋ ಇಲ್ಲವೋ ಎಂಬುದೆಲ್ಲ ಆ ಒಂದು ಮಾತಿನಲ್ಲಿ ಇರುತ್ತಿತ್ತು. ಉತ್ತರ ಇಲ್ಲದಿದ್ದರೆ ಹಾಳೆ ನಮ್ಮ ಕೈಗೆ ವಾಪಸ್ಸು ಬರುತ್ತಿತ್ತು.

ಹೋದ ಬೇಸಿಗೆಯಲ್ಲಿ ಅವರು ಮಡಕಶಿರಾ ಕಡೆ, ಅಮರಾಪುರದ ಹತ್ತಿರದ ತಮ್ಮ ಊರಿನಲ್ಲಿ ತೀರಿಕೊಂಡರು. ಐವತ್ತು ಕೂಡ ದಾಟಿರಲಿಲ್ಲ. ಅವರಿಂದ ಕಲಿತವರು ಈಗ ಎಲ್ಲೆಲ್ಲೋ ಇದ್ದಾರೆ. ಒಬ್ಬಳು ಮಕ್ಕಳ ಆಟಿಕೆ ಮಾಡುತ್ತಾಳೆ, ಒಬ್ಬ ಔಷಧಿ ಡಬ್ಬಿಗಳ ಮೇಲಿನ ಬರಹ ಜೋಡಿಸುತ್ತಾನೆ. ನಾನು ರಾಯದುರ್ಗದಲ್ಲೇ ಇದ್ದೇನೆ, ಅವರು ಪಾಠ ಮಾಡುತ್ತಿದ್ದ ಕೋಣೆಯಲ್ಲೇ ಪಾಠ ಮಾಡುತ್ತಿದ್ದೇನೆ.

ಆ ಕೋಣೆ ಇರುವುದು ಜೀನ್ಸ್ ಹೊಲಿಯುವ ಒಂದು ಷೆಡ್ಡಿನ ಮೇಲೆ. ಕೆಳಗೆ ಮಿಷನ್‌ಗಳು ಓಡುತ್ತಿದ್ದರೆ ಮೇಲೆ ಬೆಂಚಿನ ಮೇಲಿಟ್ಟ ಪೆನ್ಸಿಲು ತಾನಾಗಿಯೇ ಉರುಳುತ್ತದೆ. ಮೆಟ್ಟಿಲಿನ ಮೂಲೆಗಳಲ್ಲಿ ನೀಲಿ ನಾರು ಸದಾ ಕೂತಿರುತ್ತದೆ. ದೊಡ್ಡ ಊರಿನ ದೊಡ್ಡ ಕಾಲೇಜಿನಲ್ಲಿ ಡಿಸೈನ್ ಓದಿ, ಕಂಪನಿಯೊಂದರಲ್ಲಿ ಕುರ್ಚಿ, ಬಕೆಟ್ಟುಗಳಿಗೆ ರೂಪ ಕೊಡುತ್ತಿದ್ದವರು ಅದನ್ನು ಬಿಟ್ಟು ಈ ಕೋಣೆಗೆ ಯಾಕೆ ಬಂದರು ಎಂದು ನಾವು ಕೇಳುತ್ತಲೇ ಇದ್ದೆವು. ಒಂದು ಸಲ “ಅಲ್ಲಿ ರಾಗಿ ಮುದ್ದೆ ಸಿಗಲ್ಲ” ಎಂದರು. ಇನ್ನೊಂದು ಸಲ “ಕುರ್ಚಿ ಮಾಡಿ ಮಾಡಿ ಸೊಂಟ ನೋವು ಬಂತು” ಎಂದರು. ಮತ್ತೊಂದು ಸಲ “ನಾನು ಮಾಡಿದ ಕುರ್ಚಿಯಾಗೆ ಯಾರಾದ್ರೂ ಕೂತಿದ್ದನ್ನ ನಾನು ಒಂದ್ ದಿನಾನೂ ನೋಡ್ಲಿಲ್ಲ ಕಣ್ರೇ” ಎಂದರು. ಈ ಮೂರನೆಯದೇ ನಿಜವಿರಬೇಕು ಎಂದು ನನಗೆ ಅನ್ನಿಸುತ್ತದೆ.

ನಾನು ಅಲ್ಲಿಗೆ ಸೇರಿದಾಗ ಡಿಸೈನ್ ಎಂದರೆ ಚಿತ್ರ ಬರೆಯುವುದು ಎಂದುಕೊಂಡಿದ್ದೆ. ಶಾಲೆಯಲ್ಲಿ ನನ್ನ ನವಿಲಿಗೆ ಬಹುಮಾನ ಬಂದಿತ್ತು. ಆ ನವಿಲನ್ನೇ ತೆಗೆದುಕೊಂಡು ಹೋಗಿ ತೋರಿಸಿದೆ. ಮೇಡಂ ನೋಡಿ, “ನಿಮ್ಮಮ್ಮ ಏನ್ ಮಾಡ್ತಾರೆ?” ಎಂದು ಕೇಳಿದರು. ಮನೆಯಲ್ಲಿ ಕೂತು ಹೊಲಿದ ಜೀನ್ಸ್‌ಗಳ ದಾರದ ತುದಿ ಕತ್ತರಿಸುತ್ತಾಳೆ ಎಂದೆ. ನಮ್ಮ ಬೀದಿಯ ಹೆಂಗಸರೆಲ್ಲ ಅದನ್ನೇ ಮಾಡುತ್ತಿದ್ದರು.

“ಹಂಗಾದ್ರೆ ನಾಳೆ ಅವರ ಮುಂದೆ ಕೂತ್ಕೊ. ಸುಮ್ನೆ ನೋಡು. ಏನೂ ಬರೀಬೇಡ, ಏನೂ ಹೇಳಬೇಡ.”

ಮರುದಿನ ಅಮ್ಮನ ಮುಂದೆ ಕೂತೆ. ಅಮ್ಮ ಒಂದೆರಡು ಪ್ಯಾಂಟು ಮುಗಿಸುವಷ್ಟರಲ್ಲಿ ತಲೆ ಎತ್ತಿದಳು.

“ಯಾಕ ಹಂಗ ನೋಡಾಕತ್ತೀ? ಮೈಯಾಗ ಹುಷಾರಿಲ್ಲೇನು?”

“ಮೇಡಂ ನೋಡು ಅಂದಾರ.”

“ನನ್ನನ್ನೇನು ನೋಡೋದು? ಪಟ ತಗಿಸ್ತಾರೇನು?” ಎಂದು ನಕ್ಕು ಮತ್ತೆ ಕೆಲಸಕ್ಕೆ ಬಗ್ಗಿದಳು.

ಹುಟ್ಟಿದಾಗಿನಿಂದ ನೋಡಿದ ಅಮ್ಮನನ್ನು ನಾನು ಅವತ್ತೇ ಮೊದಲ ಸಲ ನೋಡಿದ್ದು. ಪ್ರತಿ ಪ್ಯಾಂಟಿಗೂ ಅವಳು ಬಾಗಿಲ ಕಡೆ ಅರ್ಧ ತಿರುಗುತ್ತಿದ್ದಳು. ನೀಲಿ ಬಟ್ಟೆಯ ಮೇಲಿನ ಕಪ್ಪು ದಾರವನ್ನು ಕಣ್ಣಿಗಿಂತ ಹೆಚ್ಚಾಗಿ ಬೆರಳಿನಿಂದ ಹುಡುಕುತ್ತಿದ್ದಳು. ಬೆನ್ನು ನೋಯುತ್ತದೆ ಎಂದೇ ನಾನು ತಿಳಿದಿದ್ದೆ. ಕೇಳಿದರೆ, “ಬೆನ್ನು ಇರಲಿ ಬಿಡು. ಹೊತ್ತು ಇಳಿದ ಮ್ಯಾಲ ಕಣ್ಣೀರು ಸೋರ್ತಾವ” ಎಂದಳು. ಅದನ್ನು ನನಗೆ ಎಂದೂ ಹೇಳಿರಲಿಲ್ಲ. ನಾನೂ ಎಂದೂ ಕೇಳಿರಲಿಲ್ಲ.

ಇಳಿಜಾರಾಗಿ ನಿಲ್ಲುವ ಒಂದು ಬಿಳಿ ಹಲಗೆ ಮಾಡಿದೆ. ಪ್ಯಾಂಟಿನ ಹೊಲಿಗೆಯನ್ನು ಅದರ ಅಂಚಿನ ಮೇಲೆ ಹಾಯಿಸಿದರೆ ದಾರದ ತುದಿ ಬಿಳಿಯ ಮೇಲೆ ಎದ್ದು ಕಾಣುತ್ತದೆ. ಮೊದಲನೆಯದನ್ನು ಅಮ್ಮ “ಮೊಳಕಾಲಿಗೆ ತಾಗ್ತೈತಿ” ಎಂದು ಪಕ್ಕಕ್ಕಿಟ್ಟಳು. ಎರಡನೆಯದನ್ನು ನನ್ನ ಮನಸ್ಸಿಗೆ ನೋವಾಗಬಾರದೆಂದು ಬಳಸಿದಳು. ಮೂರನೆಯದನ್ನು ಪಕ್ಕದ ಮನೆಯವಳು ಕೇಳಿದಾಗ ಕೊಡಲಿಲ್ಲ. ಅದನ್ನು ಹೇಳಿದಾಗಲೂ ಮೇಡಂ ಹೊಗಳಲಿಲ್ಲ. “ಹಂಗಾದ್ರೆ ಪಕ್ಕದ ಮನೆಯೋರಿಗೆ ಯಾವಾಗ ಮಾಡ್ತೀಯ?” ಎಂದರು. ಆದರೆ ಆ ದಿನ ಚಹಾ ಅವರೇ ಮಾಡಿಕೊಟ್ಟರು.

ಅವರ ಚಹಾದ ಬಗ್ಗೆ ಒಂದು ಮಾತು ಹೇಳಬೇಕು. ಲೋಕದ ಅಡುಗೆಮನೆಗಳ ಬಗ್ಗೆ ಅಷ್ಟೆಲ್ಲ ಯೋಚಿಸುತ್ತಿದ್ದವರ ಒಲೆಯ ಮೇಲೆ ಒಂದು ದಿನವೂ ಚಹಾ ಉಕ್ಕದೆ ಇಳಿದದ್ದಿಲ್ಲ. ಪಾತ್ರೆ ಇಟ್ಟು ಮಾತಿಗೆ ನಿಲ್ಲುತ್ತಿದ್ದರು, ಅಷ್ಟರಲ್ಲಿ ಸುರ್ ಎಂದು ಒಲೆ ಆರುತ್ತಿತ್ತು. “ಇದಕ್ಕೊಂದು ಡಿಸೈನ್ ಮಾಡ್ರಿ ಮೇಡಂ” ಎಂದರೆ, “ಬಾಯಿಗೆ ಮಾಡ್ಬೇಕು, ಪಾತ್ರೆಗಲ್ಲ” ಎನ್ನುತ್ತಿದ್ದರು.

ಮಾತು ಅಂದರೆ ಅವರಿಗೆ ಅಷ್ಟು ಇಷ್ಟ. ಕನ್ನಡದಲ್ಲಿ ಶುರುಮಾಡಿ, ಬೈಗುಳ ಬಂದರೆ ತೆಲುಗಿಗೆ ಹೊರಳಿ, ಮತ್ತೆ ಕನ್ನಡಕ್ಕೆ ಬರುತ್ತಿದ್ದರು. ನಮ್ಮ ರಾಯದುರ್ಗದ ‘ರಿ’ಗಳನ್ನು ಕಂಡರೆ ಅವರಿಗೆ ತಮಾಷೆ. ಬೆಳುಗುಪ್ಪದಿಂದ ಬಸ್ಸಿನಲ್ಲಿ ಬರುತ್ತಿದ್ದ ನನ್ನ ಸಹಪಾಠಿ ತಿಪ್ಪೇಶ ಒಂದು ವಾಕ್ಯದಲ್ಲಿ ನಾಲ್ಕು ‘ರಿ’ ಹಾಕುತ್ತಿದ್ದ. ಅವನನ್ನು ಕಂಡರೆ ಮೇಡಂಗೆ ಪ್ರೀತಿ, ಅದಕ್ಕೇ ಹೆಚ್ಚು ಬೈಗುಳ.

ಒಂದು ಸಲ ನಮ್ಮನ್ನೆಲ್ಲ ಬಸ್‌ಸ್ಟ್ಯಾಂಡಿಗೆ ಕಳಿಸಿದ್ದರು. ಜನ ಎಲ್ಲಿ ಒದ್ದಾಡುತ್ತಾರೋ ಅದನ್ನು ನೋಡಿಕೊಂಡು ಬರಬೇಕು. ಅಲ್ಲಿನ ಕುಡಿಯುವ ನೀರಿನ ತೊಟ್ಟಿಗೆ ತಿಪ್ಪೇಶ ಕೈ ಒಡ್ಡಿದರೆ ತಾನೇ ಸುರಿಯುವ ಭರ್ಜರಿ ನಲ್ಲಿಯೊಂದನ್ನು ಬರೆದು ತಂದ.

“ಯಾರಿಗೆ?”

“ಎಲ್ಲಾರಿಗೂ ರಿ ಮೇಡಂ.”

“ಎಲ್ಲಾರ್ಗೂ ಅಂದ್ರೆ ಯಾರ್ಗೂ ಅಲ್ಲ. ಒಬ್ಬರ ಹೆಸರು ಹೇಳು.”

ಅವನು ಮರುದಿನ ಮತ್ತೆ ಹೋಗಿ ಕೂತ. ಸೊಂಟದ ಮೇಲೆ ಮೊಮ್ಮಗುವನ್ನು ಕೂರಿಸಿಕೊಂಡ ಮುದುಕಿಯೊಬ್ಬಳು ಲೋಟಕ್ಕೂ ನಲ್ಲಿಗೂ ಕೈ ಸಾಲದೆ, ನೀರು ಕುಡಿಯದೆ ಬಸ್ಸು ಹತ್ತಿದ್ದನ್ನು ನೋಡಿದ. ಓಡಿಹೋಗಿ ಬಸ್ಸಿನ ಕಿಟಕಿಯಲ್ಲಿ ಅವಳ ಹೆಸರು ಕೇಳಿಕೊಂಡು ಬಂದ. ಮಾರೆಕ್ಕ. ಅವನ ಹೊಸ ಚಿತ್ರದಲ್ಲಿ ಇದ್ದದ್ದು ತೊಟ್ಟಿಯ ಪಕ್ಕ ಒಂದು ಸಣ್ಣ ಕಟ್ಟೆ, ಮಗುವನ್ನು ಕೂರಿಸುವಷ್ಟು ಎತ್ತರದ್ದು. ಮೇಲೆ ‘ಮಾರೆಕ್ಕನಿಗೆ’ ಎಂದು ಬರೆದಿದ್ದ. ಅಂದಿನಿಂದ ನಮ್ಮ ಎಲ್ಲ ಹಾಳೆಗಳ ತಲೆಯ ಮೇಲೂ ಒಂದು ಹೆಸರು ಇರಲೇಬೇಕಾಯಿತು.

ಅವರು ಮೃದು ಸ್ವಭಾವದವರೇನೂ ಅಲ್ಲ. ಒಬ್ಬ ಹುಡುಗಿ ಮೊಬೈಲಿನಲ್ಲಿ ನೋಡಿದ ದೀಪವನ್ನು ಹಾಗೇ ಇಳಿಸಿ ತಂದಾಗ, ಎಲ್ಲರ ಮುಂದೆ “ಇದನ್ನ ಬರೆದ ಕೈ ನಿಂದು, ಕಣ್ಣು ಯಾರದ್ದು?” ಎಂದು ಅವಳಿಗೆ ಅಳು ಬರಿಸಿಬಿಟ್ಟರು. ಆಮೇಲೆ ಅವಳನ್ನು ತಮ್ಮ ಗಾಡಿಯಲ್ಲಿ ಕೂರಿಸಿಕೊಂಡು ಮನೆಯವರೆಗೆ ಬಿಟ್ಟು ಬಂದರು. ದಾರಿಯಲ್ಲಿ ಕ್ಷಮೆ ಕೇಳಿದರಂತೆ. ಆದರೆ ಮಾತನ್ನು ವಾಪಸ್ಸು ತೆಗೆದುಕೊಳ್ಳಲಿಲ್ಲವಂತೆ.

ನಾನು ಓದು ಮುಗಿಸಿ ಅವರ ಜೊತೆಗೇ ಪಾಠಕ್ಕೆ ನಿಂತ ವರ್ಷ ಅವರ ಕೈ ಕೆಟ್ಟಿತು. ದಪ್ಪ ರಟ್ಟನ್ನು ಸ್ಕೇಲು ಇಲ್ಲದೆ ಒಂದೇ ಎಳೆತಕ್ಕೆ ನೇರವಾಗಿ ಕತ್ತರಿಸುವುದು ಅವರ ಹೆಮ್ಮೆಯಾಗಿತ್ತು. ಹೊಸ ಮಕ್ಕಳ ಮುಂದೆ ಅದನ್ನು ಮಾಡಿ ತೋರಿಸುವಾಗ ಬ್ಲೇಡು ಕೈಯಿಂದ ಜಾರಿ ಬಿತ್ತು. ಎತ್ತಿಕೊಂಡರು, ಮತ್ತೆ ಬಿತ್ತು. “ಕೈ ಮಲಗೈತೆ” ಎಂದು ನಕ್ಕು ಎಡಗೈಗೆ ತೆಗೆದುಕೊಂಡರು. ಕೆಲವು ತಿಂಗಳಲ್ಲಿ ಚಾಕ್‌ಪೀಸು ಬೀಳತೊಡಗಿತು. ಅನಂತಪುರದ ಆಸ್ಪತ್ರೆಗೆ ಹೋದರು, ಅಲ್ಲಿಂದ ಬೆಂಗಳೂರಿಗೆ ಕಳಿಸಿದರು. ಕೈಕಾಲು ಆಡಿಸುವ ನರಗಳು ಒಂದೊಂದಾಗಿ ಸತ್ತುಹೋಗುವ ಕಾಯಿಲೆ ಎಂದು ಡಾಕ್ಟರು ಹೇಳಿದರು. ಮೊದಲು ಕೈ, ಆಮೇಲೆ ಕಾಲು, ನಾಲಿಗೆ, ಗಂಟಲು, ಕೊನೆಗೆ ಉಸಿರು. ಬುದ್ಧಿ ಮಾತ್ರ ಕೊನೆಯವರೆಗೂ ಎಚ್ಚರವಾಗಿರುತ್ತದೆ. ಇದಕ್ಕೆ ಔಷಧಿ ಇಲ್ಲ.

ಬೆಂಗಳೂರಿನಿಂದ ಬಂದ ಮರುದಿನವೇ ಅವರು ಕ್ಲಾಸಿಗೆ ಬಂದರು. ತಿಪ್ಪೇಶನಿಗೂ ಬರಹೇಳಿದ್ದರು. ಅವನಾಗ ತನ್ನ ಊರಿನಲ್ಲೇ ಒಂದು ಸಣ್ಣ ಮರಗೆಲಸದ ಅಂಗಡಿ ಇಟ್ಟಿದ್ದ. ಎಡಗೈಯಲ್ಲಿ ಚಾಕ್‌ಪೀಸು ಹಿಡಿದು, ಮಗುವಿನಂತೆ ಸೊಟ್ಟ ಸೊಟ್ಟ ಅಕ್ಷರದಲ್ಲಿ ಬೋರ್ಡಿನ ಮೇಲೆ ಒಂದು ಹೆಸರು ಬರೆದರು. ಅದು ಅವರದೇ ಹೆಸರು. ನಾವು ಯಾರೂ ಅವರನ್ನು ಹೆಸರಿಂದ ಕರೆದವರಲ್ಲ. ಅದನ್ನು ಓದಿದಾಗ ಯಾರೋ ಬೇರೆಯವರದ್ದು ಅನ್ನಿಸಿತು. ಅದಕ್ಕೇ ಇಲ್ಲಿಯೂ ಬರೆಯಲು ನನಗೆ ಮನಸ್ಸು ಬರುತ್ತಿಲ್ಲ.

“ಈ ವರ್ಷದ ಕೆಲಸ ಇದು,” ಎಂದರು. “ಇವಳಿಗೆ ಮಾಡ್ಬೇಕು. ಇವಳಿಗೆ ದಿನಾ ಒಂದೊಂದು ಕಳೆದುಹೋಗ್ತಾ ಹೋಗುತ್ತೆ. ಇರೋಷ್ಟು ದಿನ ತನ್ನ ಕೆಲಸ ತಾನು ಮಾಡ್ಕೋಬೇಕು. ಏನ್ ಮಾಡ್ತೀರ?”

ಕಾಯಿಲೆಯ ಹೆಸರು ಹೇಳಿ, ಅದು ಏನು ಮಾಡುತ್ತದೆ ಎಂದು ಪಾಠದಂತೆ ವಿವರಿಸಿದರು. ಹಿಂದಿನ ಬೆಂಚಿನಲ್ಲಿ ಯಾರೋ ಬಿಕ್ಕಿದರು. ತಿಪ್ಪೇಶ ಎದ್ದು ನಿಂತ.

“ಇದು ಪಾಠ ಮಾಡೋ ವಿಷಯ ಅಲ್ರಿ ಮೇಡಂ. ನೀವು ಮನಿಗೆ ನಡೀರಿ.”

“ಅಳೋದಾದ್ರೆ ಹೊರಗೆ ಹೋಗಿ ಅತ್ಕೊಂಡು ಬನ್ನಿ,” ಎಂದರು ಮೇಡಂ, ಅವನನ್ನೂ ಸೇರಿಸಿ ಎಲ್ಲರಿಗೂ. “ಬರೋವಾಗ ಅಳತೆ ಟೇಪು ತನ್ನಿ.”

ಅವನು ಮೆಟ್ಟಿಲಿನ ಮೇಲೆ ಕೂತು ಅತ್ತ. ಆಮೇಲೆ ಟೇಪು ತಂದ.

ಮೊದಲು ಮಾಡಿದ್ದು ಚಮಚ. ತಿಪ್ಪೇಶ ಬೇವಿನ ಮರದಲ್ಲಿ ಸೊಗಸಾಗಿ ಬಾಗಿದ ಹಿಡಿಯೊಂದನ್ನು ಕೆತ್ತಿ ತಂದ. ಮೇಡಂ ಹಿಡಿದರು. ಅದು ಬಾಯಿಯವರೆಗೆ ಬಂದು ಗಲ್ಲದ ಪಕ್ಕ ಹಾದುಹೋಯಿತು. ಅವನ ಮುಖ ಸಣ್ಣದಾಯಿತು. ಅವರು ಅವನ ಕೈಯನ್ನೇ ನೋಡುತ್ತಾ, “ಇದು ನಿನ್ನ ಕೈ ಅಳತೆ ಕಣಯ್ಯ. ನಂದು ಹಿಡಿದು ನೋಡು, ನಾಚಿಕೋಬೇಡ” ಎಂದರು. ಗುರುವಿನ ಕೈ ಹಿಡಿಯಲು ಅವನು ಮೊದಲು ಹಿಂಜರಿದ. ಹಿಡಿದ ಮೇಲೆ ಬಿಡಲಿಲ್ಲ. ಬೆರಳುಗಳು ಎಲ್ಲಿ ಬಗ್ಗುತ್ತವೆ, ಎಲ್ಲಿ ಬಗ್ಗುವುದಿಲ್ಲ ಎಂದು ಒಂದೊಂದನ್ನೇ ನೋಡಿದ. ಎರಡನೇ ಚಮಚದಲ್ಲಿ ಅವರು ತಾವೇ ಉಂಡರು.

ಒಂದೆರಡು ವಾರ ಕಳೆಯುವಷ್ಟರಲ್ಲಿ ಆ ಕೈ ಚಮಚವನ್ನು ಎತ್ತದಾಯಿತು. ನಾವು ಹೆಣ್ಣುಮಕ್ಕಳು ಸೇರಿ ಗುಂಡಿಯ ಬದಲು ಅಂಟುಪಟ್ಟಿಯ ರವಿಕೆ ಹೊಲಿದೆವು. ಅದು ಮುಗಿಯುವ ಹೊತ್ತಿಗೆ ತೋಳು ಮೇಲೆ ಏಳುತ್ತಿರಲಿಲ್ಲ. ಕಾಲಿನಿಂದ ಒತ್ತುವ ಗಂಟೆ ಮಾಡಿದೆವು, ಕಾಲು ಹೋಯಿತು. ನಾವು ಒಂದನ್ನು ಸರಿಮಾಡಿ ತರುವಷ್ಟರಲ್ಲಿ ಕಾಯಿಲೆ ಮುಂದಿನದಕ್ಕೆ ಕೈ ಹಾಕಿರುತ್ತಿತ್ತು. ಕೋಣೆಯ ಮೂಲೆಯಲ್ಲಿ ನಾವು ಮಾಡಿದ ವಸ್ತುಗಳೆಲ್ಲ ಕೆಲಸವಿಲ್ಲದೆ ಕೂತಿದ್ದವು. ಒಂದು ದಿನ ತಿಪ್ಪೇಶ ಚಮಚವನ್ನು ಎತ್ತಿ ಗೋಡೆಗೆ ಬೀಸಿದ.

“ಇದು ಆಗೋ ಮಾತಲ್ರಿ. ಏನು ಮಾಡಿದ್ರೂ ದಂಡ.”

ಅಷ್ಟರಲ್ಲಿ ಮೇಡಂ ಮಾತು ತೊದಲುತ್ತಿತ್ತು. ನಿಧಾನವಾಗಿ, ಒಂದೊಂದೇ ಪದ ಹೊರಡಿಸಿ ಹೇಳಿದರು: “ಅಷ್ಟು ದಿನ… ನನ್ ಕೈಯಾಗೆ… ಉಂಡ್ನಲ್ಲಪ್ಪ. ಅದೇನು… ಸಣ್ಣದಾ?”

ಅವನು ಚಮಚವನ್ನು ಎತ್ತಿಕೊಂಡು ಬಂದು, ಒರೆಸಿ, ಮತ್ತೆ ಮೂಲೆಯಲ್ಲಿಟ್ಟ.

ಆಮೇಲೆ ಅವರನ್ನು ಅವರ ಅಕ್ಕ ಊರಿಗೆ ಕರೆದುಕೊಂಡು ಹೋದರು. ಗಂಡ ಇಲ್ಲದ, ಶೇಂಗಾ ಹೊಲ ಮತ್ತು ಕೆಲವು ಕುರಿಗಳನ್ನು ನೋಡಿಕೊಂಡಿದ್ದ ಹೆಂಗಸು. ಹೆಚ್ಚು ಮಾತಿಲ್ಲದವರು. ತಂಗಿಯನ್ನು ಎತ್ತಿ ಕೂರಿಸುವಾಗ, ಮಗ್ಗುಲು ಬದಲಿಸುವಾಗ ಅವರ ತೋಳಿನ ನರಗಳು ಉಬ್ಬುತ್ತಿದ್ದವು. ನಾನು, ತಿಪ್ಪೇಶ ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ, ಮಡಕಶಿರಾದಲ್ಲಿ ಇನ್ನೊಂದು ಹಿಡಿದು ಅಲ್ಲಿಗೆ ಹೋಗುತ್ತಿದ್ದೆವು. ಮೇಡಂ ಮಾತು ಪೂರ್ತಿ ನಿಂತಿತ್ತು. ಕಣ್ಣು ಮಾತ್ರ ಆಡುತ್ತಿತ್ತು.

ಕಣ್ಣಿನಿಂದ ಮಾತಾಡುವ ಹಲಗೆ ಮಾಡಿದೆವು. ಚಿತ್ರಗಳ ಮೇಲೆ ನಾವು ಬೆರಳಿಡುತ್ತಾ ಹೋಗುವುದು, ತಮಗೆ ಬೇಕಾದದ್ದು ಬಂದಾಗ ಅವರು ಕಣ್ಣು ಮೇಲೆತ್ತುವುದು. ನೀರಿನ ಲೋಟ, ಹಾಸಿಗೆ, ಫ್ಯಾನು, ನೋವು ಎಂದು ಸೊಗಸಾಗಿ ಬರೆದಿದ್ದೆವು. ಕೆಳಗೆ, ಎಲ್ಲದಕ್ಕೂ ಇರಲಿ ಎಂದು, ವರ್ಣಮಾಲೆ. ಮೇಡಂ ಚಿತ್ರಗಳ ಕಡೆ ನೋಡಲೇ ಇಲ್ಲ. ವರ್ಣಮಾಲೆಯಲ್ಲಿ ಸಾಲು ಸಾಲಾಗಿ ಹುಡುಕಿ ಮೂರು ಅಕ್ಷರ ಕೂಡಿಸಿದರು: ಯ, ರ, ಗ. ‘ಯಾರಿಗೆ’.

“ನಿಮಗೇ ರಿ ಮೇಡಂ,” ಎಂದ ತಿಪ್ಪೇಶ.

ಮತ್ತೆ ಶುರುಮಾಡಿದರು. ಬಹಳ ಹೊತ್ತು ಹಿಡಿಯಿತು. ನಾನು ಬೆರಳಿಡುತ್ತಿದ್ದೆ, ಅವನು ಅಕ್ಷರಗಳನ್ನು ಕೂಡಿಸಿ ಗಟ್ಟಿಯಾಗಿ ಓದುತ್ತಿದ್ದ. ‘ನೀರು ಬೇಕು ಅಂತ ಅಕ್ಕಂಗೆ ಮುಖ ನೋಡಿದ್ರೆ ಗೊತ್ತಾಗುತ್ತೆ. ಜಗಳ ಆಡೋಕೆ ಏನಿದೆ?’

ಬಾಗಿಲಲ್ಲಿ ನಿಂತಿದ್ದ ಅಕ್ಕ ಮೊದಲು ನಕ್ಕರು. “ಅದೊಂದು ಬಿಟ್ಟಿರಕಾಗಲ್ಲ ಇವಳ್ಗೆ. ಹುಟ್ಟಿದಾಗ್ಲಿಂದ ಹಂಗೇ.” ನಾವೂ ನಕ್ಕೆವು. ಮೇಡಂ ಮುಖದಲ್ಲಿ ನಗಲು ಬೇಕಾದ ನರ ಉಳಿದಿರಲಿಲ್ಲ, ಆದರೆ ಕಣ್ಣಿನಲ್ಲಿ ನಗು ಇತ್ತು.

ಚಿತ್ರಗಳನ್ನೆಲ್ಲ ತೆಗೆದೆವು. ಅವರು ಹೆಚ್ಚು ಬಳಸುವ ಅಕ್ಷರಗಳನ್ನು ಮೊದಲ ಸಾಲುಗಳಿಗೆ ತಂದೆವು. ಗುಣಿತ, ಒತ್ತಕ್ಷರ ಬಿಟ್ಟು ಊಹಿಸಿಕೊಳ್ಳುವುದೆಂದು ಒಪ್ಪಂದವಾಯಿತು. ಊಹೆ ತಪ್ಪಾದರೆ ಅವರು ಕಣ್ಣು ಗಟ್ಟಿಯಾಗಿ ಮುಚ್ಚುತ್ತಿದ್ದರು. ಪೂರ್ತಿ ಪದಗಳಿಗೆ ಅವರೇ ಕೇಳಿ ಹಾಕಿಸಿಕೊಂಡದ್ದು ಎರಡೇ ಚೌಕ. ಒಂದರಲ್ಲಿ ‘ಯಾರಿಗೆ’, ಇನ್ನೊಂದರಲ್ಲಿ ‘ದಡ್ಡ’. ಎರಡನೆಯದು ತಿಪ್ಪೇಶನಿಗೆಂದೇ.

ನಾವು ಮಾಡಿದ್ದರಲ್ಲಿ ಕಾಯಿಲೆಗಿಂತ ಸ್ವಲ್ಪ ಮುಂದೆ ಓಡಿದ್ದು ಅದೊಂದೇ. ಕ್ಲಾಸಿನ ಹೊಸ ಮಕ್ಕಳ ಹಾಳೆಗಳನ್ನು ಒಯ್ದು ಅವರ ಮುಂದೆ ಹಿಡಿಯುತ್ತಿದ್ದೆ. ಅವರು ನೋಡಿ ತಪ್ಪು ಹೇಳುತ್ತಿದ್ದರು. ತಿಪ್ಪೇಶನ ಮದುವೆ ಗೊತ್ತಾದಾಗ ಹುಡುಗಿಗೆ ಅವನ ಸೋಮಾರಿತನ ತಿಳಿದಿದೆಯೇ ಎಂದು ಕೇಳಿದರು. ಒಂದು ದಿನ ಅಕ್ಕನೊಂದಿಗೆ, ಚಿಕ್ಕಂದಿನಲ್ಲಿ ಕಳೆದುಹೋದ ಕುರಿಮರಿಯೊಂದರ ತಪ್ಪು ಯಾರದೆಂದು ನಿಜವಾಗಿಯೂ ಜಗಳವಾಡಿದರು. ಅಕ್ಕನಿಗೆ ಓದು ಅಷ್ಟಕ್ಕಷ್ಟೆ, ನಡುವೆ ನಾನು ಓದಿ ಹೇಳಬೇಕು. ಅಕ್ಕ ಕಣ್ಣೊರೆಸಿಕೊಳ್ಳುತ್ತಲೇ ಜಗಳವನ್ನು ಬಿಟ್ಟುಕೊಡಲಿಲ್ಲ. “ಇಲ್ಲ ಬಿಡು, ಗೇಟು ಹಾಕ್ದೆ ಹೋಗಿದ್ದು ನೀನೇಯ” ಎಂದು ಸಾಧಿಸಿದರು.

ಕೊನೆಯ ಸಲ ನಾನೊಬ್ಬಳೇ ಹೋಗಿದ್ದೆ. ಕಣ್ಣೂ ದಣಿದಿತ್ತು. ರೆಪ್ಪೆ ಎತ್ತಿದರೆ ಅರ್ಧಕ್ಕೇ ಇಳಿಯುತ್ತಿತ್ತು. ಕೇಳಬೇಕಾದದ್ದು ಬಹಳ ಇತ್ತು. ಈ ಕ್ಲಾಸನ್ನು ನಾನೊಬ್ಬಳೇ ಹೇಗೆ ನಡೆಸಲಿ, ಮಕ್ಕಳು ನಿಮ್ಮ ಬಗ್ಗೆ ಕೇಳಿದರೆ ಏನು ಹೇಳಲಿ, ಎಂದೆಲ್ಲ. ಏನಾದರೂ ಹೇಳುವುದಿದೆಯೇ ಎಂದು ಹಲಗೆ ಹಿಡಿದೆ. ಬಹಳ ಕಷ್ಟಪಟ್ಟು ‘ಅಕ್ಕ’ ಎಂದರು. ಆಮೇಲೆ ‘ಊ’. ಅಲ್ಲಿಗೆ ಕಣ್ಣು ಮುಚ್ಚಿತು.

“ಅಕ್ಕ ಊರಿಗೆ ಹೋಗಿದ್ರಾ?” ಎಂದೆ. ಅಲ್ಲ ಎಂಬಂತೆ ರೆಪ್ಪೆ ಬಿಗಿಯಾಯಿತು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ತೆರೆದು ‘ಟ’ದ ಮೇಲೆ ನಿಂತರು. ನಂತರ ‘ಇ’.

“ಅಕ್ಕ ಊಟ ಮಾಡಿಲ್ಲ?”

ಕಣ್ಣು ಮೇಲೆ ಹೋಯಿತು.

ಹೊತ್ತು ಮಧ್ಯಾಹ್ನ ಮೀರಿತ್ತು. ಬಂದಾಗಿನಿಂದ ಅಕ್ಕ ನನ್ನ ಕಣ್ಣೆದುರೇ ಓಡಾಡುತ್ತಿದ್ದರು. ಅವರು ಉಂಡಿಲ್ಲ ಎಂಬುದು ನನಗೆ ತಿಳಿಯಲಿಲ್ಲ. ಗೋಡೆ ಬದಿಯ ಮಂಚದಲ್ಲಿ ಮಲಗಿದ್ದವರಿಗೆ ತಿಳಿದಿತ್ತು.

ಅದಾಗಿ ಕೆಲವೇ ದಿನಕ್ಕೆ ಫೋನು ಬಂತು. ಹೊಲದ ಅಂಚಿನಲ್ಲಿ ಮಣ್ಣು ಮಾಡಿದರು. ತಿಪ್ಪೇಶ ಅಗೆಯುವವರ ಜೊತೆ ತಾನೂ ಗುದ್ದಲಿ ಹಿಡಿದ.

ಒಂದೆರಡು ತಿಂಗಳ ಮೇಲೆ, ಅಕ್ಕನನ್ನು ನೋಡಿ ಬರೋಣವೆಂದು ಹೋದೆ. ಮೇಡಂ ಮಲಗುತ್ತಿದ್ದ ಮಂಚವನ್ನು ಎತ್ತಿಸಿದ್ದರು. ಆ ಜಾಗದಲ್ಲಿ ಶೇಂಗಾ ಚೀಲಗಳಿದ್ದವು.

“ಬಾರಮ್ಮ. ಯಾವ ಬಸ್ಸಿಗೆ ಬಂದೆ? ಕೂತ್ಕೊ, ಉಣ್ಣುವಂತೆ,” ಎಂದು ಒಳಗೆ ಹೋದರು.

ನಾನು ಗೋಡೆಗೆ ಒರಗಿ ಕೂತೆ. ಪಾತ್ರೆಗಳ ಸದ್ದು ಕೇಳಿಸಿತು. ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ತಟ್ಟೆ ತಂದು ನನ್ನ ಮುಂದಿಟ್ಟರು. ಅನ್ನವನ್ನು ಸಾರಿನಲ್ಲಿ ಕಲಸಿ, ಒಂದು ಅಗುಳೂ ಕೈಗೆ ಸಿಗದಂತೆ ಹಿಸುಕಿ ಗಂಜಿಯ ಹಾಗೆ ಮಾಡಿದ್ದರು. ಕೊನೆಯ ತಿಂಗಳುಗಳಲ್ಲಿ ಮೇಡಂ ಗಂಟಲಿನಲ್ಲಿ ಇಳಿಯುತ್ತಿದ್ದದ್ದು ಹಾಗೆ ಹಿಸುಕಿದ ಅನ್ನ ಮಾತ್ರ.

ನಾನು ತಟ್ಟೆಯನ್ನು ನೋಡಿದೆ. ಅವರೂ ನೋಡಿದರು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು.

“ನೋಡಮ್ಮ ನನ್ ಕೈಗೆ… ಇನ್ನೂ ಗೊತ್ತೇ ಆಗಿಲ್ಲ. ಕೊಡು ಇಲ್ಲಿ, ಬೇರೆ ಹಾಕ್ಕೊಂಡು ಬತ್ತೀನಿ.”

“ಇರಲಿ ಅಕ್ಕ. ನೀವು ಉಂಡ್ರಾ?”

“ಆಮೇಲೆ ಉಂತೀನಿ. ಒಬ್ಬಳ್ಗೇನು.”

ಎದ್ದು ಒಳಗೆ ಹೋಗಿ ಇನ್ನೊಂದು ತಟ್ಟೆ ತಂದೆ. ಹಿಸುಕಿದ ಅನ್ನದಲ್ಲಿ ಅರ್ಧವನ್ನು ಅದಕ್ಕೆ ಹಾಕಿ ಅವರ ಮುಂದಿಟ್ಟೆ. ಅವರು ತಲೆ ಬಗ್ಗಿಸಿ ಒಂದು ತುತ್ತು ಬಾಯಿಗಿಟ್ಟರು, ನಿಧಾನವಾಗಿ ನುಂಗಿದರು. ನಾನೂ ಉಂಡೆ. ಎರಡು ತಟ್ಟೆಗಳೂ ಖಾಲಿಯಾದವು.